ಎಂಟು ಹಳೆ ಸೋಲಾರ್ ಪ್ಯಾನೆಲ್ ಒಯ್ಯಲು ಬಂದವರು ಐದನ್ನು ಬಿಟ್ಟು ಹೋದರು: ನನ್ನ ಕಡೆಯಿಂದ ಮೂರೂವರೆ ಸ್ಟಾರ್

ಎಂಟು ಪ್ಯಾನೆಲ್ ಕೊಟ್ಟು ಕೈ ತೊಳೆದುಕೊಳ್ಳೋಣ ಅಂತ ಕರೆಸಿದ್ದೆ. ಮೂರನ್ನು ತಗೊಂಡು ಹೋದರು. ಬಿಲ್ ಜಿಎಸ್‌ಟಿ ಸೇರಿ 2,301 ರೂಪಾಯಿ ಆಯಿತು. ಪ್ಯಾನೆಲ್ ಮರುಬಳಕೆಗೆ ಹೋಯಿತು ಅನ್ನುವ ಸರ್ಟಿಫಿಕೇಟ್ 41 ದಿನ ಆದ ಮೇಲೆ ಬಂತು, ಅದರಲ್ಲಿ ತೂಕವೂ ತಪ್ಪಿತ್ತು. ಆದರೂ ಮೂರೂವರೆ ಸ್ಟಾರ್ ಕೊಡುತ್ತಿದ್ದೇನೆ. ಆ ಮೂರೂವರೆಯಲ್ಲಿ ಎರಡೂವರೆ, ಗಾಡಿ ಜೊತೆ ಬಂದ ಒಬ್ಬ ಹುಡುಗನಿಗೆ.

ಕಂಪನಿ ಹೆಸರು ಬೇಕಂತಲೇ ಹಾಕಿಲ್ಲ. ಬೆಂಗಳೂರಿನ ಆಚೆ ಒಂದು ಕೈಗಾರಿಕಾ ಪ್ರದೇಶದಲ್ಲಿ ಶೆಡ್ ಇಟ್ಟುಕೊಂಡು, ಹಳೆ ಪ್ಯಾನೆಲ್ ಒಯ್ದು ಬಿಚ್ಚಿ ಮರುಬಳಕೆಗೆ ಕೊಡುವವರು, ಅಷ್ಟು ಸಾಕು.

ಮೊದಲು ನಮ್ಮ ಮನೆ ಕಥೆ. ತುಮಕೂರಿನಲ್ಲಿ ಮನೆ. 2012ರಲ್ಲಿ ಲೋಡ್ ಶೆಡ್ಡಿಂಗ್ ಕಾಟ ತಡೆಯಲಾರದೆ ಅಪ್ಪ ತಾರಸಿ ಮೇಲೆ 2 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದರು. 250 ವ್ಯಾಟಿನ ಎಂಟು ಪ್ಯಾನೆಲ್, ಕೆಳಗೆ ನಾಲ್ಕು ಬ್ಯಾಟರಿ. ಹನ್ನೆರಡು ವರ್ಷ ಆದ ಮೇಲೆ, ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ ಅಂತ ಗೊತ್ತಾಯಿತು. ಹಳೆಯದನ್ನು ಇಳಿಸದೆ ಹೊಸದಕ್ಕೆ ಜಾಗ ಇಲ್ಲ. ಇಳಿಸಿದೆವು. ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ, ಎಂಟೂ ಹಾಳಾಗಿದ್ದಕ್ಕೆ ಇಳಿಸಿದ್ದಲ್ಲ. ಸಬ್ಸಿಡಿ ಸಿಗುತ್ತೆ ಅಂತ ಇಳಿಸಿದ್ದು. ಪ್ಯಾನೆಲ್ 25 ವರ್ಷ ಬಾಳಿಕೆ ಬರುತ್ತೆ ಅಂತ ಎಲ್ಲರೂ ಹೇಳುತ್ತಾರೆ, ಹಾಗಾಗಿ ಅದರ ಕಸವೂ 25 ವರ್ಷ ಆದ ಮೇಲೆ ಬರುತ್ತೆ ಅಂದುಕೊಂಡಿರುತ್ತೇವೆ. ಆದರೆ ತಾರಸಿ ಮೇಲೆ ಇನ್ನೊಂದು ಮನೆ ಎಬ್ಬಿಸಿದಾಗ, ಆಲಿಕಲ್ಲು ಬಿದ್ದಾಗ, ಇಲ್ಲಾ ನಮ್ಮ ಹಾಗೆ ಹೊಸದರ ಆಸೆ ಹುಟ್ಟಿದಾಗ ಪ್ಯಾನೆಲ್ ಕೆಳಗೆ ಇಳಿದುಬಿಡುತ್ತೆ.

ಹೊಸದನ್ನು ಹಾಕಲು ಬಂದವರನ್ನು "ಹಳೆಯದನ್ನ ಏನ್ ಮಾಡ್ತೀರಪ್ಪಾ" ಅಂತ ಕೇಳಿದೆ. "ಅದು ನಮ್ಮ ಕೆಲಸ ಅಲ್ಲ ಸಾರ್" ಅಂದರು. ಬ್ಯಾಟರಿ ಆದರೆ ತಗೋತೀವಿ ಅಂದರು. ತಗೋತಾರೆ, ಯಾಕೆ ತಗೊಳ್ಳಲ್ಲ? ಬ್ಯಾಟರಿ ಒಳಗಿರುವುದು ಸೀಸ. ತೂಕ ಹಾಕಿ ಎಣಿಸಿದಷ್ಟು ದುಡ್ಡು ಬರುತ್ತೆ. ಹನ್ನೆರಡು ವರ್ಷದಲ್ಲಿ ಎರಡು ಸಲ ಬ್ಯಾಟರಿ ಬದಲಾಯಿಸಿದ್ದೇವೆ, ಎರಡು ಸಲವೂ ಹಳೆಯದಕ್ಕೆ ಅಂಗಡಿಯವರೇ ಬೆಲೆ ಕಟ್ಟಿ ಒಯ್ದಿದ್ದಾರೆ. ಪ್ಯಾನೆಲ್ ಮಾತ್ರ ಯಾರಿಗೂ ಬೇಡ. ಅಪ್ಪನಿಗೆ ಹಾಕಿಕೊಟ್ಟ ಅಂಗಡಿ ಬಾಗಿಲು ಹಾಕಿ ಎಷ್ಟೋ ವರ್ಷವಾಗಿದೆ. ಪ್ಯಾನೆಲ್ ಹಿಂದೆ ಇದ್ದ ಲೇಬಲ್ಲಿನ ಫೋನ್ ನಂಬರ್ ಅಸ್ತಿತ್ವದಲ್ಲೇ ಇಲ್ಲ.

ಹೀಗೆ ಎಂಟು ಪ್ಯಾನೆಲ್ ಕಾಂಪೌಂಡ್ ಗೋಡೆಗೆ ಒರಗಿಕೊಂಡು ನಿಂತವು. ಒಂದೊಂದೂ ಹದಿನೆಂಟು ಕೆಜಿ ಮೇಲೆ ತೂಗುತ್ತೆ. ಅಮ್ಮನಿಗೆ ಬಟ್ಟೆ ಒಣಹಾಕುವ ಜಾಗ ಹೋಯಿತು. "ಇವನ್ನ ಇನ್ನೆಷ್ಟು ದಿನ ಇಲ್ಲಿ ಸಾಕ್ತೀಯೋ" ಅಂತ ದಿನಾ ಒಂದು ಮಾತು.

ಗುಜರಿಯವರನ್ನು ಕರೆದೆ. ಬಂದವರು ಪ್ಯಾನೆಲ್ಲನ್ನು ಬೆರಳಲ್ಲಿ ತಟ್ಟಿ ನೋಡಿ, "ಸಾರ್, ಅಲ್ಯೂಮಿನಿಯಂಗೆ ಮಾತ್ರ ರೇಟು. ಗಾಜು ನೀವೇ ಒಡೆದು ಬಿಸಾಕಿ, ಫ್ರೇಮ್ ಬಿಚ್ಚಿ ಇಡಿ, ಬಂದು ತಗೊಂಡ್ ಹೋಗ್ತೀನಿ" ಅಂದರು. ಅವರದ್ದು ತಪ್ಪಲ್ಲ, ಅವರ ಲೆಕ್ಕ ಸರಿ ಇದೆ. ಒಂದು ಪ್ಯಾನೆಲ್ ತೂಕದಲ್ಲಿ ಮುಕ್ಕಾಲು ಪಾಲು ಬರೀ ಗಾಜು. ಸುತ್ತಲಿನ ಅಲ್ಯೂಮಿನಿಯಂ ಶೇಕಡಾ ಎಂಟರ ಹತ್ತಿರ, ಪ್ಲಾಸ್ಟಿಕ್ ಪದರಗಳು ಹತ್ತರ ಹತ್ತಿರ, ಸಿಲಿಕಾನ್ ಐದೋ ಏನೋ. ತಾಮ್ರ ಚೂರು. ಬೆಳ್ಳಿ ಇದೆ, ಆದರೆ ತೂಕದಲ್ಲಿ ತೀರಾ ಸ್ವಲ್ಪ. ಅದನ್ನು ತೆಗೆಯಲು ಆಸಿಡ್, ಕುಲುಮೆ ಎಲ್ಲಾ ಬೇಕು. ಗುಜರಿಯವರ ತಕ್ಕಡಿಗೆ ಸಿಗುವುದು ಫ್ರೇಮ್ ಮತ್ತು ಕೇಬಲ್ ಎರಡೇ.

ದಯವಿಟ್ಟು ಇದನ್ನು ಮಾತ್ರ ಮಾಡಬೇಡಿ, ಮನೆಯಲ್ಲಿ ಗಾಜು ಒಡೆಯೋದು. ಅದು ಕಿಟಕಿ ಗಾಜಿನ ಹಾಗೆ ತುಂಡಾಗಿ ಬೀಳಲ್ಲ, ಸಾವಿರ ಚೂರಾಗಿ ಕೆಳಗಿನ ಪದರಕ್ಕೆ ಕಚ್ಚಿಕೊಂಡು ನಿಲ್ಲುತ್ತೆ, ಮುಟ್ಟಿದಲ್ಲೆಲ್ಲ ಪುಡಿ ಉದುರುತ್ತೆ. ಒಡೆದ ಪ್ಯಾನೆಲ್ ಸತ್ತಿದೆ ಅಂದುಕೊಳ್ಳುವುದೂ ತಪ್ಪು. ಬಿಸಿಲು ಬಿದ್ದರೆ ಅದರಲ್ಲಿ ಇನ್ನೂ ಕರೆಂಟ್ ಇರುತ್ತೆ, ಆಫ್ ಮಾಡಲು ಸ್ವಿಚ್ ಇಲ್ಲ. ಟಾರ್ಪಾಲ್ ಹೊದಿಸಿ, ಇಲ್ಲಾ ಬೋರಲು ಮಲಗಿಸಿ. ಹಿಂದಿನ ಬಿಳಿ ಹಾಳೆಯನ್ನಂತೂ ಕಸದ ಜೊತೆ ಸುಡಲೇಬಾರದು. ಬಹಳಷ್ಟು ಪ್ಯಾನೆಲ್ಲಿನಲ್ಲಿ ಅದು ಫ್ಲೋರಿನ್ ಇರುವ ಪ್ಲಾಸ್ಟಿಕ್, ಸುಟ್ಟರೆ ವಿಷದ ಹೊಗೆ. ಒಳಗಿನ ಬೆಸುಗೆಯಲ್ಲಿ ಸೀಸವೂ ಇರುತ್ತೆ, ಹಾಗಾಗಿ ಒಡೆದದ್ದನ್ನು ಬಾವಿ ಪಕ್ಕ, ಬೋರ್‌ವೆಲ್ ಪಕ್ಕ ಮಳೆಗೆ ನೆನೆಯಲು ಬಿಡಬೇಡಿ.

ಸರಿ, ಈಗ ಸರ್ವಿಸ್ ವಿಷಯಕ್ಕೆ ಬರುತ್ತೇನೆ.

ಬುಕಿಂಗ್ ವಾಟ್ಸಾಪಲ್ಲಿ ಆಯಿತು. ಫೋಟೋ ಕಳಿಸಿ ಅಂದರು, ಹಿಂಭಾಗದ ಲೇಬಲ್ಲಿನದೂ ಕಳಿಸಿ ಅಂದರು. ಅಷ್ಟರ ಮಟ್ಟಿಗೆ ಚೆನ್ನಾಗಿತ್ತು. 500 ಕೆಜಿ ಮೇಲಿದ್ದರೆ ಗಾಡಿ ಉಚಿತ, ಕಡಿಮೆ ಇದ್ದರೆ ನಾವೇ ಬಾಡಿಗೆ ಕೊಡಬೇಕು. ನಮ್ಮದು ಎಂಟೂ ಸೇರಿ 150 ಕೆಜಿ ಮುಟ್ಟಲ್ಲ. ಮೊದಲು ಗಾಡಿಗೆ 4,500 ಅಂದರು. ಫೋನ್ ಇಟ್ಟುಬಿಟ್ಟೆ. ಎರಡು ದಿನ ಬಿಟ್ಟು ಅವರೇ ಕರೆ ಮಾಡಿ, ಶಿರಾ ಕಡೆ ಒಂದು ಲೋಡ್ ಇದೆ, ವಾಪಸ್ ಬರುವಾಗ ನಿಮ್ಮಲ್ಲಿಗೂ ಬರುತ್ತೇವೆ, 1,500 ಕೊಡಿ, ಪ್ಯಾನೆಲ್‌ಗೆ ತಲಾ 150 ಆಗುತ್ತೆ ಅಂದರು. ಒಪ್ಪಿದೆ.

ಗುರುವಾರ ಬರುತ್ತೇವೆ ಅಂದವರು ಮುಂದಿನ ಗುರುವಾರ ಕಳೆದರೂ ಬರಲಿಲ್ಲ. ಕರೆ ಮಾಡಿದಾಗಲೆಲ್ಲ "ಲೋಡ್ ಕನ್ಫರ್ಮ್ ಆಗ್ಲಿ ಸಾರ್" ಅನ್ನುವ ಒಂದೇ ಮಾತು. ಹತ್ತೊಂಬತ್ತನೇ ದಿನ, ಒಂದು ಶನಿವಾರ ಮಧ್ಯಾಹ್ನ, ಹೇಳದೇ ಕೇಳದೇ ಗಾಡಿ ಮನೆ ಮುಂದೆ ನಿಂತಿತ್ತು. ನಾನು ಊಟಕ್ಕೆ ಕೂತಿದ್ದೆ. ಇದಕ್ಕೆ ಅರ್ಧ ಸ್ಟಾರ್ ಕಟ್.

ಗಾಡಿಯಿಂದ ಇಬ್ಬರು ಇಳಿದರು. ಒಬ್ಬರು ಡ್ರೈವರ್. ಇನ್ನೊಬ್ಬ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ, ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದ್ದಾನಂತೆ. ಬಂದವನೇ ಪ್ಯಾನೆಲ್ ಹೊರಲಿಲ್ಲ. ಮೀಟರ್ ತೆಗೆದ. ಒಂದೊಂದನ್ನೇ ಬಿಸಿಲಿಗೆ ತಿರುಗಿಸಿ, ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ, ವೋಲ್ಟೇಜ್ ನೋಡಿದ, ಆಮೇಲೆ ಕರೆಂಟ್ ನೋಡಿದ. ನಾಲ್ಕು ಪ್ಯಾನೆಲ್ 36, 37 ವೋಲ್ಟ್ ತೋರಿಸಿದವು, ಹೊಸದರಲ್ಲಿ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ. ಕರೆಂಟ್ ಮಾತ್ರ ಲೇಬಲ್ಲಿನಲ್ಲಿ ಬರೆದದ್ದಕ್ಕಿಂತ ಶೇಕಡಾ ಹತ್ತರಷ್ಟು ಕಡಿಮೆ. ಹನ್ನೆರಡು ವರ್ಷಕ್ಕೆ ಅದು ಸಹಜ. "ಸಾರ್, ಇವನ್ನ ಯಾಕೆ ಕೊಡ್ತಾ ಇದೀರಾ?" ಅಂತ ನನ್ನನ್ನೇ ಕೇಳಿದ.

ಐದನೆಯದು 25 ವೋಲ್ಟ್ ತೋರಿಸಿತು. ಇದು ಹೋಯ್ತು ಬಿಡಪ್ಪಾ ಅಂದೆ. ಅವನು ತಲೆ ಆಡಿಸಿ, ಹಿಂದಿನ ಕಪ್ಪು ಡಬ್ಬಿ ಬಿಚ್ಚಿ ತೋರಿಸಿದ. ಒಳಗೆ ಮೂರು ಡಯೋಡ್. ಪ್ಯಾನೆಲ್ಲಿನ 60 ಸೆಲ್ಲುಗಳನ್ನು ಇಪ್ಪತ್ತು ಇಪ್ಪತ್ತರ ಮೂರು ಗುಂಪು ಮಾಡಿ, ಗುಂಪಿಗೊಂದು ಡಯೋಡ್ ಹಾಕಿರುತ್ತಾರೆ. ಒಂದು ಗುಂಪಿನ ಮೇಲೆ ನೆರಳು ಬಿದ್ದರೆ ಕರೆಂಟ್ ಅದನ್ನು ದಾಟಿ ಹೋಗಲಿ ಅಂತ. ಸಿಡಿಲೋ ಬಿಸಿಯೋ ತಾಗಿ ಒಂದು ಡಯೋಡ್ ಶಾರ್ಟ್ ಆದರೆ ಆ ಗುಂಪು ಇದ್ದೂ ಇಲ್ಲದಂತೆ. 37ರಲ್ಲಿ ಮೂರರಲ್ಲೊಂದು ಭಾಗ ಕಳೆಯಿರಿ, 25. ಚೀಲದಲ್ಲಿ ಡಯೋಡ್ ಇಟ್ಟುಕೊಂಡೇ ಬಂದಿದ್ದ. ಹಾಕಿ ಬೆಸುಗೆ ಮಾಡಿದ, ಮೀಟರ್ 37 ತೋರಿಸಿತು. ದುಡ್ಡು ಕೇಳಲಿಲ್ಲ. ನಾನು ಕಾಫಿ ಕೊಟ್ಟೆ, ಅಮ್ಮ ಚಕ್ಕುಲಿ ಕೊಟ್ಟರು. ಮೂರು ವರ್ಷದಿಂದ ನಮ್ಮ ಸೋಲಾರ್ "ಯಾಕೋ ಡಲ್ ಹೊಡೀತಾ ಇದೆ" ಅಂತ ಅಪ್ಪ ಗೊಣಗುತ್ತಿದ್ದರು. ಕಾರಣ ಈ ಚೂರು ಡಯೋಡೂ ಹೌದು ಅಂತ ಅವತ್ತು ಗೊತ್ತಾಯಿತು.

ಉಳಿದ ಮೂರಕ್ಕೆ ಅವನೂ ಕೈ ಎತ್ತಿದ. ಎರಡು ಆಲಿಕಲ್ಲು ಮಳೆಗೆ ಒಡೆದವು. ಒಂದರಲ್ಲಿ ಸೆಲ್ ಸುಟ್ಟು ಕಂದುಬಣ್ಣದ ಕಲೆ ಆಗಿ, ಹಿಂದಿನ ಹಾಳೆ ತೂತು ಬಿದ್ದಿತ್ತು. ಹಾಳೆ ತೂತಾದರೆ ಮಳೆಯಲ್ಲಿ ಫ್ರೇಮ್‌ಗೇ ಕರೆಂಟ್ ಬರುತ್ತೆ, ತೋಟದಲ್ಲಿ ದನವೋ ಮಗುವೋ ಮುಟ್ಟಿದರೆ ಮುಗೀತು, ಅಂಥದ್ದನ್ನು ಯಾರಿಗೂ ಕೊಡಬೇಡಿ ಸಾರ್ ಅಂದ. ಒಳ್ಳೆಯ ಐದಕ್ಕೂ ಇನ್ನೊಂದು ಯಂತ್ರ ಹಚ್ಚಿ ಕರೆಂಟ್ ಸೋರಿಕೆ ಇದೆಯಾ ಅಂತ ನೋಡಿ, ಇಲ್ಲ ಅಂತ ಖಚಿತ ಮಾಡಿಕೊಂಡೇ ಬಿಟ್ಟಿದ್ದು.

ಇದರಿಂದ ಅವನ ಕಂಪನಿಗೆ 750 ರೂಪಾಯಿ ಹೋಯಿತು ನೋಡಿ. ಸುಮ್ನೆ ಎಂಟನ್ನೂ ಗಾಡಿಗೆ ಹಾಕಿಕೊಂಡಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಮರುಬಳಕೆ ಅಂತ ಬೋರ್ಡ್ ಹಾಕಿಕೊಂಡವರು ಮೊದಲು ಕೇಳಬೇಕಾದ ಪ್ರಶ್ನೆಯನ್ನೇ ಅವನು ಕೇಳಿದ, ಇದನ್ನು ಒಡೆಯಲೇಬೇಕಾ? ಎಷ್ಟು ಒಳ್ಳೆಯ ಕಾರ್ಖಾನೆಯಲ್ಲಿ ಒಡೆದರೂ ಕೆಲಸ ಮಾಡುವ ಪ್ಯಾನೆಲ್ ಒಡೆದಮೇಲೆ ಗಾಜಿನ ಪುಡಿ. ಅವನು ಬಿಟ್ಟುಹೋದ ಐದರಲ್ಲಿ ಮೂರು ಪ್ಯಾನೆಲ್ ಈಗ ಶಿರಾ ಹತ್ತಿರ ಚಿಕ್ಕಪ್ಪನ ತೋಟದ ಕೊಟ್ಟಿಗೆ ಮೇಲೆ ಕೂತು, ಹಳೆ ಬ್ಯಾಟರಿಯೊಂದರ ಜೊತೆ ರಾತ್ರಿಯಿಡೀ ನಾಲ್ಕು ಲೈಟು, ಒಂದು ಫ್ಯಾನು ಓಡಿಸುತ್ತಿವೆ, ಔಷಧಿ ಹೊಡೆಯುವ ಪಂಪೂ ಅಲ್ಲೇ ಚಾರ್ಜ್ ಆಗುತ್ತೆ. ಇನ್ನೆರಡು ಪಕ್ಕದ ತೋಟದವರಿಗೆ ಕೊಟ್ಟೆ. ತೊಟ್ಟಿಯಿಂದ ನೀರೆತ್ತುವ ಸಣ್ಣ ಮೋಟಾರಿಗೆ ಹಾಕಿಕೊಂಡಿದ್ದಾರೆ. ಒಂದು ಗೊನೆ ಬಾಳೆಹಣ್ಣು ಬಂತು.

ಈಗ ಬೈಗುಳ. ಗಾಡಿಯಲ್ಲಿ ತೂಕದ ಯಂತ್ರ ಇರಲಿಲ್ಲ. ಮೂರು ಪ್ಯಾನೆಲ್‌ಗೆ ಡ್ರೈವರ್ ಅಂದಾಜಿನಲ್ಲಿ 60 ಕೆಜಿ ಅಂತ ಬರೆದುಕೊಂಡರು. ಸರ್ಟಿಫಿಕೇಟಲ್ಲಿ 48 ಕೆಜಿ ಅಂತ ಬಂತು. ನಿಜವಾದ ತೂಕ 55ರ ಹತ್ತಿರ ಇರಬೇಕು. ಕೇಳಿದರೆ "ಅದು ಫ್ರೇಮ್ ಬಿಚ್ಚಿದ ಮೇಲಿನ ತೂಕ" ಅಂದರು. ಹಾಗಾದರೆ ಫ್ರೇಮ್ ಎಲ್ಲಿ ಲೆಕ್ಕಕ್ಕೆ ಬಂತು? ಉತ್ತರ ಇಲ್ಲ. ಸೀರಿಯಲ್ ನಂಬರ್ ಹಾಕಿರಲಿಲ್ಲ, ಜಿಎಸ್‌ಟಿ ಬಿಲ್ಲನ್ನು ಮೂರು ಸಲ ಕೇಳಿ ತರಿಸಿಕೊಂಡೆ. ಸೀರಿಯಲ್ ನಂಬರ್ ಇಲ್ಲದ ಸರ್ಟಿಫಿಕೇಟ್ ಅಂದರೆ ಹೆಸರಿಲ್ಲದ ರೇಷನ್ ಕಾರ್ಡ್ ಇದ್ದ ಹಾಗೆ. ಅದು ನನ್ನ ಪ್ಯಾನೆಲ್ಲಿನದೇ ಅಂತ ಯಾರು ಹೇಳಬೇಕು? ಇದಕ್ಕೂ ಅರ್ಧ ಸ್ಟಾರ್ ಕಟ್.

ಈ ಅನುಮಾನಕ್ಕೇ ಒಂದು ದಿನ ಬೆಂಗಳೂರಿಗೆ ಹೋದಾಗ ಅವರ ಶೆಡ್‌ಗೆ ಹೋಗಿ ಬಂದೆ. ಬೇಡ ಅನ್ನಲಿಲ್ಲ, ಅದಕ್ಕೆ ಅರ್ಧ ಸ್ಟಾರ್ ವಾಪಸ್. ಒಂದು ಯಂತ್ರ ನಾಲ್ಕೂ ಕಡೆಯಿಂದ ಫ್ರೇಮನ್ನು ಎಳೆದು ಕಳಚುತ್ತೆ. ಹಿಂದಿನ ಡಬ್ಬಿಯನ್ನು ಕೈಯಲ್ಲೇ ಕೆತ್ತಿ ತೆಗೆಯುತ್ತಾರೆ. ಇಲ್ಲಿವರೆಗೂ ಗುಜರಿಯವರು ಮಾಡುವುದೇ, ಸ್ವಲ್ಪ ಚೊಕ್ಕವಾಗಿ. ನಿಜವಾದ ಕಷ್ಟ ಆಮೇಲೆ. ಗಾಜು, ಸೆಲ್, ಹಿಂದಿನ ಹಾಳೆ ಇವನ್ನೆಲ್ಲ ಇವಿಎ ಅನ್ನುವ ಪ್ಲಾಸ್ಟಿಕ್ ಪದರ ಇಟ್ಟು, ಸುಮಾರು 150 ಡಿಗ್ರಿ ಬಿಸಿಯಲ್ಲಿ ಒತ್ತಿ ಒಂದಾಗಿಸಿರುತ್ತಾರೆ. ಆ ಪ್ಲಾಸ್ಟಿಕ್ ಒಮ್ಮೆ ಬೆಂದಮೇಲೆ ಮತ್ತೆ ಕರಗಲ್ಲ. ಕಾಲು ಶತಮಾನ ಬಿಸಿಲು ಮಳೆ ತಿಂದರೂ ಬಿಡಬಾರದು ಅಂತ ಅಂಟಿಸಿದ್ದು, ಈಗ ಬಿಡು ಅಂದರೆ ಬಿಡುತ್ತಾ?

ಹಾಗಾಗಿ ಅಲ್ಲಿ ಎಲ್ಲವನ್ನೂ ಒಟ್ಟಿಗೆ ಪುಡಿ ಮಾಡಿ ಜರಡಿ ಹಿಡಿಯುತ್ತಾರೆ. ದಪ್ಪ ಗಾಜು ಒಂದು ಕಡೆ, ಪ್ಲಾಸ್ಟಿಕ್ ಚೂರು ಒಂದು ಕಡೆ, ಬೂದಿಬಣ್ಣದ ನುಣ್ಣನೆ ಪುಡಿ ಇನ್ನೊಂದು ಕಡೆ. ಸಿಲಿಕಾನ್, ಬೆಳ್ಳಿ ಇರುವುದು ಆ ಪುಡಿಯಲ್ಲಿ. ಗಾಜಿನಲ್ಲಿ ಪ್ಲಾಸ್ಟಿಕ್ ಉಳಿದುಕೊಂಡಿರುವುದರಿಂದ ಅದು ಮತ್ತೆ ಪ್ಯಾನೆಲ್ ಗಾಜಾಗಲ್ಲ, ಟೈಲ್ಸ್ ಥರದ ಕೆಳದರ್ಜೆ ಕೆಲಸಕ್ಕೆ ಹೋಗುತ್ತೆ. ಪ್ಲಾಸ್ಟಿಕ್ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಹೋಗುತ್ತೆ. ಪುಡಿ ಎಲ್ಲಿಗೆ ಹೋಗುತ್ತೆ ಅಂದೆ. ಮ್ಯಾನೇಜರ್ ಮೂಲೆಯಲ್ಲಿ ಪೇರಿಸಿದ್ದ ಚೀಲಗಳನ್ನು ತೋರಿಸಿ, "ಸದ್ಯಕ್ಕೆ ಇಟ್ಕೊಂಡಿದೀವಿ, ಒಳ್ಳೆ ರೇಟು ಬಂದಾಗ ಬೇರೆಯವರಿಗೆ ಕೊಡ್ತೀವಿ" ಅಂದರು. ಪ್ರಾಮಾಣಿಕ ಉತ್ತರ, ಮೆಚ್ಚಿದೆ. ಆದರೆ ಅವರ ಕರಪತ್ರದಲ್ಲಿ "ನೂರಕ್ಕೆ ತೊಂಬತ್ತೈದು ಮರುಬಳಕೆ" ಅಂತ ದಪ್ಪಕ್ಷರದಲ್ಲಿ ಇದೆಯಲ್ಲ, ಆ ಚೀಲಗಳು, ಸಿಮೆಂಟ್ ಗೂಡಿಗೆ ಹೋದದ್ದು ಎಲ್ಲಾ ಅದರ ಒಳಗೇ ಸೇರಿದೆ. ಇದಕ್ಕೆ ಒಂದು ಸ್ಟಾರ್ ಕಟ್.

ನಾವು ಯಾಕೆ ದುಡ್ಡು ಕೊಡಬೇಕು ಅಂತ ನಮ್ಮ ಭಾವ ಕೇಳಿದರು. ನ್ಯಾಯವಾದ ಪ್ರಶ್ನೆ. ಯುರೋಪಿನಲ್ಲಿ 2012ರಲ್ಲೇ ಪ್ಯಾನೆಲ್ಲನ್ನು ಇ-ತ್ಯಾಜ್ಯದ ಕಾನೂನಿಗೆ ಸೇರಿಸಿದರು. ಅಲ್ಲಿ ಮನೆಯವರು ಹಳೆಯದನ್ನು ಉಚಿತವಾಗಿ ಕೊಟ್ಟು ಬರಬಹುದು, ಖರ್ಚು ತಯಾರಕರದ್ದು. ನಮ್ಮಲ್ಲೂ 2022ರ ಇ-ತ್ಯಾಜ್ಯ ನಿಯಮದಲ್ಲಿ ಸೋಲಾರ್ ಪ್ಯಾನೆಲ್‌ಗೆ ಬೇರೆ ಅಧ್ಯಾಯವೇ ಇದೆ, 2023ರ ಏಪ್ರಿಲ್ 1ರಿಂದ ಜಾರಿ. ಆದರೆ ಅದರಲ್ಲಿ ಕಂಪನಿಗಳಿಗೆ ಹೇಳಿರುವುದು ಮುಖ್ಯವಾಗಿ ನೋಂದಾಯಿಸಿಕೊಳ್ಳಿ, ಲೆಕ್ಕ ಕೊಡಿ, 2034-35ರವರೆಗೆ ಬರುವ ಪ್ಯಾನೆಲ್ ಕಸವನ್ನು ಜೋಪಾನವಾಗಿ ಕೂಡಿಡಿ ಅಂತ. ಕೂಡಿಡಿ! ಅಮ್ಮ ಕಾಂಪೌಂಡಲ್ಲಿ ಕೂಡಿಡಬೇಡ ಅಂತಾರೆ, ಸರ್ಕಾರ ಕೂಡಿಡಿ ಅನ್ನುತ್ತೆ. ಕಂಪನಿಯೇ ಮುಚ್ಚಿಹೋಗಿದ್ದರೆ ನಮ್ಮ ಹಾಗೆ 2,301 ಕಟ್ಟೋದು.

ನಮ್ಮದು ಎಂಟು ಪ್ಯಾನೆಲ್ಲಿನ ಗೋಳು. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ ತಿರುಮಣಿ, ವಳ್ಳೂರು ಸುತ್ತ 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಪಾರ್ಕ್ ಇದೆ. ಪ್ಯಾನೆಲ್ಲಿಗೆ 330 ವ್ಯಾಟ್ ಅಂತ ಹಿಡಿದರೂ ಅರವತ್ತು ಲಕ್ಷ ದಾಟುತ್ತೆ. ಸಿಇಇಡಬ್ಲ್ಯೂ ಅನ್ನುವ ಸಂಶೋಧನಾ ಸಂಸ್ಥೆ 2024ರಲ್ಲಿ ಹಾಕಿದ ಲೆಕ್ಕದಂತೆ, 2023ರ ಹೊತ್ತಿಗೆ ದೇಶದಲ್ಲಿ ಹಾಕಿದ್ದ ಪ್ಯಾನೆಲ್‌ಗಳಿಂದಲೇ 2030ಕ್ಕೆ 3.4 ಲಕ್ಷ ಟನ್ ಕಸ ಆಗುತ್ತೆ, ಅದರ ಹೆಚ್ಚಿನ ಪಾಲು ಬರುವ ಐದು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಂದರೆ ಕೆಲಸ ಬೇಕಾದಷ್ಟಿದೆ, ಆ ಡಿಪ್ಲೊಮಾ ಹುಡುಗನಂಥವರು ಊರಿಗಿಬ್ಬರು ಬೇಕು. ಅವನಿಗೆ ಸಂಬಳ ಎಷ್ಟು ಅಂತ ಕೇಳಿದ್ದೆ. ಇಲ್ಲಿ ಬರೆಯಲ್ಲ, ಬೇಜಾರಾಗುತ್ತೆ.

ಹಾಗಾದರೆ ಈ ಸರ್ವಿಸ್ ತಗೋಬಹುದಾ? ಒಡೆದದ್ದು, ಸುಟ್ಟದ್ದು ಇದ್ದರೆ ತಗೊಳ್ಳಿ. ದುಡ್ಡು ಜಾಸ್ತಿ ಅನಿಸಿದರೂ ಕೆರೆ ಏರಿ ಮೇಲೆ ಬಿಸಾಕುವುದಕ್ಕಿಂತ ಮೇಲು. ಗಾಡಿ ಹೊರಡುವ ಮುಂಚೆ ಪ್ರತಿ ಪ್ಯಾನೆಲ್ಲಿನ ಸೀರಿಯಲ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ, ರಸೀದಿಯಲ್ಲಿ ಬರೆಸಿ. ಮಾಲಿನ್ಯ ಮಂಡಳಿಯ ಅನುಮತಿ ಪತ್ರ ವಾಟ್ಸಾಪಲ್ಲಿ ಕಳಿಸಿ ಅಂತ ಕೇಳಿ, ನನಗೆ ಐದು ನಿಮಿಷದಲ್ಲಿ ಬಂತು. ತೂಕ ಮನೆ ಮುಂದೆಯೇ ಆಗಲಿ, ಪಕ್ಕದ ಗುಜರಿ ಅಂಗಡಿಯ ತಕ್ಕಡಿಯಾದರೂ ಪರವಾಗಿಲ್ಲ. ಮತ್ತೆ ಗಾಜು, ಪ್ಲಾಸ್ಟಿಕ್, ಪುಡಿ ಮೂರೂ ಎಲ್ಲಿಗೆ ಹೋಗುತ್ತೆ ಅಂತ ಬಾಯಿಬಿಟ್ಟು ಕೇಳಿ. ತಡವರಿಸಿದರೆ ಗೊತ್ತಾಗುತ್ತೆ.

ಇನ್ನೊಂದು. 500 ಕೆಜಿ ಆದರೆ ಗಾಡಿ ಉಚಿತ ಅಂದೆನಲ್ಲ, ಅದಕ್ಕೆ ಸುಮಾರು 27 ಪ್ಯಾನೆಲ್ ಬೇಕು. ನಮ್ಮ ಬಡಾವಣೆಯ ಗ್ರೂಪಲ್ಲಿ ಕೇಳಿದೆ. ಇಲ್ಲಿವರೆಗೆ ನಾಲ್ಕು ಮನೆಯಿಂದ ಹದಿನೇಳು ಆಗಿವೆ, ಎರಡು ಮನೆಯವರು ಇನ್ನೂ ಯೋಚನೆ ಮಾಡುತ್ತಿದ್ದಾರೆ. ತುಮಕೂರಿನಲ್ಲಿ ಯಾರ ತಾರಸಿಯಲ್ಲಾದರೂ ಹಳೆ ಪ್ಯಾನೆಲ್ ಬಿದ್ದಿದ್ದರೆ ಕಾಮೆಂಟ್ ಹಾಕಿ. ಹೋದ ವಾರ ನಾನೂ ಒಂದು ಮೀಟರ್ ತಗೊಂಡೆ, ಮೊದಲು ಬಿಸಿಲಲ್ಲಿ ಇಟ್ಟು ನೋಡೋಣ. ಆ ಹದಿನೇಳರಲ್ಲಿ ಎರಡು ಆಗಲೇ 36 ವೋಲ್ಟ್ ತೋರಿಸುತ್ತಿವೆ, ಅವಕ್ಕೆ ಚಿಕ್ಕಪ್ಪ ಕಣ್ಣು ಹಾಕಿದ್ದಾರೆ.